ಮುಳ್ಳಪ್ಪನವರು ಮರ ಕೊಯ್ದದ್ದು

ಮುಳ್ಳಪ್ಪನವರ ಕೊರಗು ಇಷ್ಟೇ: ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಆ ಮನೆಯಲ್ಲಿ ಯಾರೂ ಅವರಿಗೆ ಒಂದೇ ಒಂದು ಗಟ್ಟಿ ಕೆಲಸ ಹೇಳಿರಲಿಲ್ಲ.

(ಮುಳ್ಳಪ್ಪ ಎನ್ನುವುದು ಅವರ ನಿಜವಾದ ಹೆಸರಲ್ಲ, ಬೀದಿಯವರು ಇಟ್ಟದ್ದು. ಕೈಗಡಿಯಾರ ರಿಪೇರಿ ಅವರ ಕಸುಬು. ಆಳು ಸೆಕೆಂಡಿನ ಮುಳ್ಳಿನಷ್ಟೇ ಸಪೂರ. ನಿಂತಲ್ಲಿ ನಿಲ್ಲದೆ ಟಕಟಕ ಓಡಾಡುವುದೂ ಹಾಗೇ.)

ಜಾಮ್ ಬಾಟಲಿಯ ಮುಚ್ಚಳ ಬಿಗಿದುಕೊಂಡರೆ ತೆಗೆಯುತ್ತಿದ್ದವರು ಹೆಂಡತಿ. ಬೀರು ಸರಿಸುತ್ತಿದ್ದವರೂ ಹೆಂಡತಿಯೇ. ಸ್ಕೂಟರಿನ ಟೈರು ಬದಲಾಯಿಸುವಾಗ ಇವರ ಪಾಲಿಗೆ ಬರುತ್ತಿದ್ದದ್ದು ನಟ್ಟುಗಳನ್ನು ಅಂಗೈಯಲ್ಲಿ ಹಿಡಿದು ನಿಲ್ಲುವ ಉನ್ನತ ಹುದ್ದೆ. ಆಕೆ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನ ಹೆಡ್ ನರ್ಸ್. ಊರಿಗೆಲ್ಲ ಸಿಸ್ಟರ್, ಮುಳ್ಳಪ್ಪನವರೊಬ್ಬರಿಗೆ ಹೆಂಡತಿ. ಎಂಬತ್ತು ಕಿಲೋ ತೂಕದ ರೋಗಿಯನ್ನು ಮಂಚದಿಂದ ಮಂಚಕ್ಕೆ ದಾಟಿಸುವ ಕೈಗೆ ಜಾಮ್ ಬಾಟಲಿ ಯಾವ ಮಹಾ?

ಇದರ ಮೇಲೆ ಅತ್ತೆಯ ಹೊಗಳಿಕೆ ಬೇರೆ. "ನಮ್ಮ ಅಳಿಯಂದಿರ ಕೈ ಅಂದ್ರೆ ಹತ್ತಿ ಕಣ್ರೀ, ಹತ್ತಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಆರು ವಾರದಿಂದ ಮಗಳ ಮನೆಯ ಸೋಫಾದ ಮೇಲೆ ವಿರಾಜಮಾನರಾಗಿದ್ದರು. ಬಂದವರಿಗೇನು ಕಡಿಮೆಯೇ?

ಹೀಗಿರುವಾಗ ಶನಿವಾರ ಮಧ್ಯಾಹ್ನ ಬೀಸಿದ ಗಾಳಿಗೆ ಅಂಗಳದ ಮರ ಬುಡಸಮೇತ ಕಿತ್ತುಬಂದು ಗೇಟಿನ ಮೇಲೆ ಅಡ್ಡ ಬಿತ್ತು. ಬುಡ ಅಂಗಳದಲ್ಲಿ, ತಲೆ ಬೀದಿಯಲ್ಲಿ, ನಡು ಗೇಟಿನ ಜಾಗದಲ್ಲಿ. ಸದ್ದು ಕೇಳಿ ಹೊರಗೆ ಓಡಿಬಂದ ಮುಳ್ಳಪ್ಪನವರು "ಅಯ್ಯೋ!" ಎಂದರು. ಬಾಯಿ ಹಾಗೆಂದಿತು, ಒಳಗೊಳಗೇ ಅವರ ಎದೆ ಅರಳಿತ್ತು. ಇಷ್ಟು ದೊಡ್ಡ ಮುಚ್ಚಳವನ್ನು ಯಾರೂ ತಿರುಗಿಸಿ ತೆಗೆಯಲಾರರು ತಾನೇ!

"ಸೋಮವಾರ ಹತ್ತು ಗಂಟೆಗೆ ಅಮ್ಮನ ಪ್ಲಾಸ್ಟರ್ ತೆಗೀಬೇಕು. ಎಕ್ಸ್-ರೇ ಆಗ್ದೆ ನಾನು ಮುಟ್ಟೋ ಹಾಗಿಲ್ಲ. ಮಂಗಳವಾರದಿಂದ ಡಾಕ್ಟರು ಹದಿನೈದು ದಿನ ರಜ" ಎಂದರು ಸಿಸ್ಟರ್. ನಗರಸಭೆಗೆ ಫೋನ್ ಮಾಡಿದರೆ, ಊರಲ್ಲಿ ಹದಿನೇಳು ಮರ ಬಿದ್ದಿವೆ, ನಿಮ್ಮದು ಹದಿನೆಂಟನೆಯದು, ಬುಧವಾರ ನೋಡೋಣ ಎಂಬ ಉತ್ತರ ಬಂತು.

"ಇನ್ನೂ ಹದಿನೈದು ದಿನವಾ?" ಎಂದು ಒಳಗಿನಿಂದ ಅತ್ತೆ ನರಳಿದರು. "ಈ ಪ್ಲಾಸ್ಟರ್ ಒಳಗೆ ತುರಿಸೋ ತುರಿಕೆ ನನ್ನ ಶತ್ರುಗೂ ಬೇಡಮ್ಮ!"

"ಯಾರೂ ಗಾಬರಿಯಾಗ್ಬೇಡಿ. ಮರ ನಾನು ಕೊಯ್ತೀನಿ" ಎಂದರು ಮುಳ್ಳಪ್ಪನವರು.

ಸಿಸ್ಟರ್ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಯಾವುದರಲ್ಲಿ ರೀ? ಚಿಮಟದಲ್ಲಾ?"

ಈ ಮಾತಿಗೆ ಉತ್ತರ ಕೊಡುವುದು ತಮ್ಮ ಘನತೆಗೆ ಕುಂದೆಂದು ಭಾವಿಸಿ ಮುಳ್ಳಪ್ಪನವರು ಪಕ್ಕದ ಮನೆಯ ಗೋಡೆ ಹತ್ತಿ (ಸಿಸ್ಟರ್ ಹಿಂದಿನಿಂದ ಎತ್ತಿಕೊಟ್ಟರು) ನೇರ ಕಟ್ಟಿಗೆ ಡಿಪೋಗೆ ನಡೆದರು.

ಡಿಪೋದಲ್ಲಿ ಆಳುಗಳು ಯಾರೂ ಇರಲಿಲ್ಲ. ಬಿದ್ದ ಮರಗಳ ಹಿಂದೆ ಹೋಗಿದ್ದರು. ಇದ್ದ ಒಂದೇ ಚೈನ್ ಗರಗಸವನ್ನು ಡಿಪೋದವನು ಹೆಣ್ಣು ಒಪ್ಪಿಸಿಕೊಡುವ ಅಪ್ಪನ ಮುಖ ಮಾಡಿಕೊಂಡು ಕೊಟ್ಟ.

"ನೋಡಿ ಸ್ವಾಮಿ, ಇದಕ್ಕೆ ಎರಡು ಎಣ್ಣೆ. ಎಂಜಿನ್‌ಗೆ ಪೆಟ್ರೋಲ್ ಜೊತೆ ಬೆರೆಸೋದು ಒಂದು, ಚೈನಿಗೆ ಬೇರೆ. ಚೈನಿನ ಎಣ್ಣೆ ಟ್ಯಾಂಕ್ ಖಾಲಿ ಬಿಡ್ಬೇಡಿ. ಶುರು ಮಾಡುವಾಗ ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಡಿಕೇಲಿ ಕಾಲು ತೂರಿಸಿ ಒತ್ತಿಕೊಂಡು ಎಳೀಬೇಕು. ಭುಜಕ್ಕಿಂತ ಮೇಲೆ ಎತ್ಬಾರ್ದು. ಅಲಗಿನ ಮೂತಿ ಮಾತ್ರ ಯಾವುದಕ್ಕೂ ತಾಗಿಸ್ಬೇಡಿ, ಒದೆಯುತ್ತೆ."

"ಯಾರಿಗೆ?"

"ಹಿಡಿದೋರಿಗೇ ಸ್ವಾಮಿ! ಕೇಳಿಸ್ಕೊಳ್ತಾ ಇದೀರಾ?"

ಮುಳ್ಳಪ್ಪನವರು ತಲೆ ಆಡಿಸುತ್ತಿದ್ದರು. ಆದರೆ ಅವರ ಕಣ್ಣೆಲ್ಲ ಚೈನಿನ ಕೊಂಡಿಗಳ ಮೇಲಿತ್ತು. ಎಂಥ ಅಚ್ಚುಕಟ್ಟು! ಗಡಿಯಾರದ ದೊಡ್ಡಣ್ಣನಲ್ಲವೇ ಇದು! ಡಿಪೋದವನು ಕೊಟ್ಟ ಪುಸ್ತಕವನ್ನು ಅವರು ಬಗಲಿಗೆ ಸಿಕ್ಕಿಸಿಕೊಂಡದ್ದು ಕೇವಲ ಸೌಜನ್ಯಕ್ಕೆ.

ಆ ಪುಸ್ತಕ ಮನೆಗೆ ಬಂದದ್ದೇ ಸಿಸ್ಟರ್ ಕೈ ಸೇರಿತು. ಡಾಕ್ಟರು ಬರೆದ ಚೀಟಿಯನ್ನೇ ಓದಿ ಅಭ್ಯಾಸವಿದ್ದ ಅವರಿಗೆ ಅಚ್ಚಾದ ಅಕ್ಷರ ನೀರು ಕುಡಿದಷ್ಟು ಸಲೀಸು.

"ಹೆಲ್ಮೆಟ್ ಎಲ್ಲಿ?"

"ಸ್ಕೂಟರಿಂದು ಇದ್ಯಲ್ಲ."

"ಇದಕ್ಕೆ ಮುಖದ ಮುಂದೆ ಜಾಲರಿ ಇರೋದೇ ಬೇಕಂತೆ. ಕಿವಿಗೆ ಮುಚ್ಚಳ? ಕನ್ನಡಕ? ಕೈಗವಸು? ತೊಡೆಗೆ ಕಟ್ಟೋ ದಪ್ಪ ಬಟ್ಟೆಯ ಕವಚ? ಬೂಟು?"

"ನಾನು ಮರ ಕೊಯ್ಯೋಕೆ ಹೊರಟಿರೋದು ಕಣೆ, ಯುದ್ಧಕ್ಕಲ್ಲ."

"ಯುದ್ಧಕ್ಕೆ ಹೋದೋರು ನಮ್ಮ ವಾರ್ಡಿಗೆ ಒಬ್ಬರೂ ಬಂದಿಲ್ಲ. ಮರ ಕೊಯ್ಯೋಕೆ ಹೋದೋರು ಈ ವರ್ಷ ನಾಲ್ಕು ಜನ ಬಂದಿದಾರೆ. ಹೋಗಿ ತನ್ನಿ."

ಮುಳ್ಳಪ್ಪನವರು ಮತ್ತೆ ಗೋಡೆ ಹತ್ತಿದರು.

ಡಿಪೋದವನ ತೊಡೆಗವಚ ಅವನ ಅಳತೆಯದು. ಮುಳ್ಳಪ್ಪನವರು ಅದನ್ನು ಕಟ್ಟಿಕೊಂಡು ನಿಂತಾಗ ಎರಡು ಕಂಬಳಿಗಳ ನಡುವೆ ಕಳೆದುಹೋದ ಪೆನ್ಸಿಲ್ಲಿನಂತೆ ಕಂಡರು. ಅತ್ತೆ ದಿಂಬಿನಲ್ಲಿ ಮುಖ ಮುಚ್ಚಿಕೊಂಡರು. (ಕಾಲು ನೋವಂತೆ.)

ಆ ಸಂಜೆ ಊಟದ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಮುಳ್ಳಪ್ಪನವರು ಗರಗಸವನ್ನು ಬಿಚ್ಚಿದರು. ಯಾರೂ ಬಿಚ್ಚಿ ಎಂದಿರಲಿಲ್ಲ. ಆದರೆ ಕೈಗೆ ಬಂದ ಯಂತ್ರವನ್ನು ಬಿಚ್ಚದೆ ಬಿಟ್ಟ ದಾಖಲೆ ಅವರ ಜೀವಮಾನದಲ್ಲೇ ಇಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಚೈನನ್ನು ಕಳಚಿ, ಒಂದೊಂದು ಹಲ್ಲನ್ನೂ ಸಣ್ಣ ಬ್ರಷ್ಷಿನಿಂದ ತಿಕ್ಕಿದರು. ಒಂದೊಂದು ಕೊಂಡಿಗೂ ಸೂಜಿಯ ತುದಿಯಿಂದ ಗಡಿಯಾರದ ಎಣ್ಣೆ ಒಂದೊಂದೇ ತೊಟ್ಟು ಮುಟ್ಟಿಸಿದರು.

"ಹಲ್ಲುಜ್ಜಿಸಿದ್ದು ಆಯ್ತಾ ಅಳಿಯಂದಿರೇ?" ಎಂದರು ಸೋಫಾದಿಂದ ಅತ್ತೆ. "ಬಾಯಿ ಮುಕ್ಕಳಿಸೋದೂ ಉಂಟಾ?"

"ಯಂತ್ರ ಅಂದ್ರೆ ಹೀಗೇ ನೋಡ್ಕೋಬೇಕು ಅತ್ತೆ. ಪ್ರೀತಿಯಿಂದ" ಎನ್ನುತ್ತ ಅವರು ಚೈನನ್ನು ಅಲಗಿನ ಪಟ್ಟಿಯ ಸುತ್ತ ಏರಿಸಿ, ತಿರುಪು ಬಿಗಿದು, ಬೆರಳಿನಿಂದ ಎಳೆದು ನೋಡಿದರು. ಹಿತವಾದ ಬಿಗಿ. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಅಳಿಯನ ಮುಖದಲ್ಲಿದ್ದ ಬೆಳಕು ನೋಡಿ ಸುಮ್ಮನಾದರು.

ಭಾನುವಾರ ಬೆಳಿಗ್ಗೆ ಮರದ ಆಚೆ ಬದಿಯಲ್ಲಿ ಬೀದಿಗೆ ಬೀದಿಯೇ ಸೇರಿತು. ಎದುರುಮನೆಯ ಟೈಲರ್ ಕುರ್ಚಿಯನ್ನೇ ತಂದು ಹಾಕಿಕೊಂಡಿದ್ದ. ಸಿಸ್ಟರ್ ಮರದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇದನ್ನು ಯಾರಾದರೂ ದಾಟಿದರೆ ಇಂಜೆಕ್ಷನ್ ಗ್ಯಾರಂಟಿ ಎಂದು ಘೋಷಿಸಿದರು. ಆಮೇಲೆ ಕಾಂಪೌಂಡ್ ಗೋಡೆಯ ಮೇಲೆ ಬಿಳಿ ಬಟ್ಟೆ ಹಾಸಿ ಹತ್ತಿ, ಬ್ಯಾಂಡೇಜು, ಕತ್ತರಿ, ಔಷಧದ ಬಾಟಲಿ ಸಾಲಾಗಿ ಜೋಡಿಸಿಟ್ಟರು.

"ಅದನ್ನ ಒಳಗಿಡ್ತೀಯಾ? ನೋಡಿದ್ರೆ ಕೈಕಾಲು ಆಡಲ್ಲ."

"ಆಡೋ ಕೈಕಾಲು ಆಡ್ತಾನೇ ಇರ್ಲಿ ಅಂತಾನೇ ಇಟ್ಟಿರೋದು."

ಮುಳ್ಳಪ್ಪನವರು ಗರಗಸವನ್ನು ನೆಲದ ಮೇಲಿಟ್ಟು, ಹಿಡಿಕೆಯಲ್ಲಿ ಕಾಲು ತೂರಿಸಿ, ಹಗ್ಗ ಎಳೆದರು. ಗೊರ್ರ್ ಎಂದು ಸುಮ್ಮನಾಯಿತು. ಮತ್ತೆ ಎಳೆದರು. ಹತ್ತು ಸಲ. ಹದಿನೈದು ಸಲ. ಜನ ಮನಸ್ಸಿನಲ್ಲೇ ಎಣಿಸುತ್ತಿದ್ದರು; ಟೈಲರ್ ಮಾತ್ರ ಬಾಯಿಬಿಟ್ಟೇ ಎಣಿಸುತ್ತಿದ್ದ. ಅವನು "ಇಪ್ಪತ್ತಾರು" ಎಂದಾಗ ಸಿಸ್ಟರ್ ಪುಸ್ತಕದಿಂದ ತಲೆ ಎತ್ತಿದರು.

"ರೀ, ಸ್ವಿಚ್ ಹಾಕಿದೀರಾ?"

ಮುಳ್ಳಪ್ಪನವರು ಬಗ್ಗಿ ನೋಡಿದರು. ಆಮೇಲೆ ಯಾರಿಗೂ ಕಾಣದಂತೆ (ಎಂದು ಅವರ ನಂಬಿಕೆ) ಹೆಬ್ಬೆರಳಿನಿಂದ ಸ್ವಿಚ್ಚು ಒತ್ತಿ, "ಎಂಜಿನ್ ಬಿಸಿ ಮಾಡ್ತಿದ್ದೆ" ಎಂದರು.

ಇಪ್ಪತ್ತೇಳನೆಯ ಎಳೆತಕ್ಕೆ ಎಂಜಿನ್ ಗರ್ಜಿಸಿತು. ಆ ಗರ್ಜನೆಯಲ್ಲಿ ಮುಳ್ಳಪ್ಪನವರ ಹತ್ತೊಂಬತ್ತು ವರ್ಷ ಕೊಚ್ಚಿಹೋಯಿತು. ಟಿಕ್ ಟಿಕ್ ಬಿಟ್ಟು ಬೇರೆ ಸದ್ದೇ ಕೇಳದ ಮನುಷ್ಯ. ಈಗ ತಮ್ಮ ಕೈಯೊಳಗೇ ಸಿಂಹ! ಬ್ರೇಕ್ ಬಿಟ್ಟು, ಎರಡೂ ಕಾಲು ಊರಿ ನಿಂತು, ಮರದ ಮೇಲೆ ಅಲಗು ಇಳಿಸಿದರು.

ಹೊಗೆ ಬಂತು.

ಒತ್ತಿದರು. ಇನ್ನಷ್ಟು ಹೊಗೆ. ಬೆವರು ಜಾಲರಿಯಿಂದ ತೊಟ್ಟಿಕ್ಕಿತು. ಮರದ ಮೇಲೆ ಕಪ್ಪನೆಯ ಒಂದು ಗೀರು ಬಿಟ್ಟರೆ ಏನೂ ಇಲ್ಲ. "ಕಬ್ಬಿಣದಂಥ ಮರ!" ಎಂದು ಮುಳ್ಳಪ್ಪನವರು ಕೂಗಿದ್ದು ಅವರ ಕಿವಿಮುಚ್ಚಳದೊಳಗೇ ಉಳಿಯಿತು.

"ಮರ ಕೊಯ್ತಿದಾರೋ ಇಸ್ತ್ರಿ ಮಾಡ್ತಿದಾರೋ?" ಎಂದ ಟೈಲರ್.

ಸಿಸ್ಟರ್ ಗೆರೆಯ ಹೊರಗೇ ನಿಂತು, ಗಂಡನ ಎದುರಿಗೆ ಬಂದು, ಎರಡೂ ಕೈ ಎತ್ತಿ ಬೀಸಿದರು. ಎಂಜಿನ್ ನಿಂತಿತು. ಅಲಗು ತಣಿಯುವತನಕ ಕಾದು, ಪುಸ್ತಕವನ್ನು ಪಕ್ಕದಲ್ಲಿ ಹಿಡಿದು, ಚಿತ್ರವನ್ನೂ ಚೈನನ್ನೂ ನೋಡಿದರು. ಅವರ ತುಟಿಯ ಮೂಲೆ ಒಮ್ಮೆ ನಡುಗಿತು.

"ರೀ... ಚೈನು ತಿರುಗಾಮುರುಗಾ ಹಾಕಿದೀರಿ. ಹಲ್ಲೆಲ್ಲ ಹಿಂದಕ್ಕೆ ನೋಡ್ತಿವೆ."

"ಸಾಧ್ಯವೇ ಇಲ್ಲ!"

"ಹಾಗೇ ಆಗಿದೆ ಅಳಿಯಂದಿರೇ" ಎಂದು ಕಿಟಕಿಯಿಂದ ಅತ್ತೆಯ ಧ್ವನಿ ಬಂತು. "ನಂಗೆ ನಿನ್ನೆ ಸಂಜೆನೇ ಅನುಮಾನ ಬಂತು. ಬ್ರೆಡ್ ಕೊಯ್ಯೋ ಚಾಕೂಗೂ ಒಂದು ಮುಖ ಅಂತ ಇರುತ್ತೆ. ಆದ್ರೆ ನೀವು ಅಷ್ಟು ಪ್ರೀತಿಯಿಂದ ಮಾಡ್ತಿದ್ರಿ, ಹೇಳೋಕೆ ಮನಸ್ಸಾಗ್ಲಿಲ್ಲ."

"ಚೈನಿನ ಎಣ್ಣೆ ಟ್ಯಾಂಕೂ ಖಾಲಿ" ಎಂದರು ಸಿಸ್ಟರ್, ಮುಚ್ಚಳ ತೆಗೆದು ಇಣುಕಿ.

ಬೀದಿಯ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮುಳ್ಳಪ್ಪನವರು ಹೆಲ್ಮೆಟ್ ತೆಗೆಯಲಿಲ್ಲ. ಅದರೊಳಗೆ ಮುಖ ಬಚ್ಚಿಡಲು ಜಾಗವಿತ್ತು.

ಸಿಸ್ಟರ್ ನಗಲಿಲ್ಲ. ಗಂಡನನ್ನು ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟರು. ಲೋಟ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಇಪ್ಪತ್ತೇಳು ಸಲ ಹಗ್ಗ ಎಳೆದ ಫಲ. "ಬಿಸಿಗೆ ಹಲ್ಲೆಲ್ಲ ಮೊಂಡಾಗಿದೆ ರೀ. ಗರಗಸದ ಜೊತೆ ಬಂದ ಡಬ್ಬೀಲಿ ದುಂಡನೆ ಅರ ಇದೆ. ಇದನ್ನ ಮಾತ್ರ ನನ್ನ ಕೈಲಿ ಆಗಲ್ಲ. ಒಂದೊಂದು ಹಲ್ಲೂ ಒಂದೇ ಓರೆಗೆ ಬರ್ಬೇಕಂತೆ, ಕೂದಲೆಳೆ ಹೆಚ್ಚುಕಡಿಮೆ ಆಗ್ಬಾರ್ದಂತೆ."

ಮುಳ್ಳಪ್ಪನವರು ಅರೆಮನಸ್ಸಿನಿಂದ ಹೆಲ್ಮೆಟ್ಟು, ತೊಡೆಗವಚ ಬಿಚ್ಚಿಟ್ಟು ಭೂತಗನ್ನಡಿ ತರಿಸಿಕೊಂಡರು. ಕೈಗವಸಿನಲ್ಲೇ ಅರ ಹಿಡಿದು ಮೊದಲ ಹಲ್ಲಿಗೆ ಮೂರು ಸಲ ಎಳೆದರು. ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ. ಎರಡನೆಯದಕ್ಕೂ ಮೂರು. ಮೂರನೆಯ ಹಲ್ಲಿಗೆ ಬರುವಷ್ಟರಲ್ಲಿ ಕೈಯ ನಡುಕ ನಿಂತಿತು. ಹತ್ತನೆಯದಕ್ಕೆ ಬೀದಿಯನ್ನೇ ಮರೆತರು. ಮುಗಿಸಿದಾಗ ಪ್ರತಿ ಹಲ್ಲೂ ಹೊಸ ಗಡಿಯಾರದ ಮುಳ್ಳಿನಂತೆ ಮಿನುಗುತ್ತಿತ್ತು. ಚೈನನ್ನು ಈ ಸಲ ಚಿತ್ರ ನೋಡಿ ಏರಿಸಿದರು. (ಎರಡು ಸಲ ನೋಡಿದರು. ಕಿಟಕಿಯತ್ತ ತಿರುಗಿ ಅತ್ತೆಗೂ ತೋರಿಸಿದರು.) ಎಣ್ಣೆ ತುಂಬಿಸಿ ಎದ್ದು ನಿಂತರೆ, ಹೆಲ್ಮೆಟ್ಟು ಮತ್ತು ತೊಡೆಗವಚ ಮಾಯ.

ಅವು ಸಿಸ್ಟರ್ ಮೈಮೇಲಿದ್ದವು. ಅವರಿಗೇ ಅಳತೆ ತೆಗೆದು ಹೊಲಿದಂತಿದ್ದವು.

"ಇದೇನೇ ಇದು?"

"ಸುಸ್ತಾದೋರು ಗರಗಸ ಹಿಡೀಬಾರ್ದು. ಪುಟ ಹನ್ನೊಂದು."

"ನಿಂಗೆ ಬರುತ್ತಾ?"

"ದಿನಕ್ಕೆ ಏಳೆಂಟು ಪ್ಲಾಸ್ಟರ್ ಕೊಯ್ತೀನಿ ರೀ, ಒಳಗಿರೋ ಕಾಲಿಗೆ ತಾಗದ ಹಾಗೆ. ಈ ಮರದೊಳಗೆ ಕಾಲೂ ಇಲ್ಲ, ಕಿರಿಚೋ ರೋಗೀನೂ ಇಲ್ಲ."

ಸಿಸ್ಟರ್ ಮೊದಲು ಮರದ ಸುತ್ತ ಒಂದು ಸುತ್ತು ಬಂದು, ಎಲ್ಲಿ ಆನಿಕೊಂಡಿದೆ, ಎಲ್ಲಿ ಬಗ್ಗಿದೆ ಎಂದು ತಟ್ಟಿ ನೋಡಿದರು, ಮೂಳೆ ನೋಡುವಂತೆಯೇ. ಎರಡನೆಯ ಎಳೆತಕ್ಕೆ ಎಂಜಿನ್ ಶುರುವಾಯಿತು. ಮೊದಲು ಮೇಲಿನಿಂದ ಸ್ವಲ್ಪ, ಆಮೇಲೆ ಕೆಳಗಿನಿಂದ; ಇಲ್ಲದಿದ್ದರೆ ಮರ ಅಲಗನ್ನು ಕಚ್ಚಿಕೊಳ್ಳುತ್ತದಂತೆ, ಪುಟ ಹದಿನೆಂಟು. ಬಿಳಿ ಚಕ್ಕೆಗಳು ಚಿಮ್ಮಿದವು. ಗೆರೆಯಾಚೆ ನಿಂತ ಮುಳ್ಳಪ್ಪನವರು ಪಕ್ಕದವನನ್ನು ತಿವಿದು, "ಧೂಳಲ್ಲ, ಚಕ್ಕೆ! ಹಲ್ಲು ಚೂಪಾಗಿದ್ರೆ ಮಾತ್ರ ಚಕ್ಕೆ ಬರೋದು" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಒಂದೂವರೆ ಗಂಟೆಯಲ್ಲಿ ಗೇಟು ತೆರವಾಯಿತು. ಸೋಮವಾರ ಹತ್ತಕ್ಕೆ ಸರಿಯಾಗಿ ಅತ್ತೆ ಆಸ್ಪತ್ರೆ ಮುಟ್ಟಿದರು. ಹನ್ನೊಂದಕ್ಕೆ ಆರು ವಾರದ ತುರಿಕೆಯನ್ನೆಲ್ಲ ಒಟ್ಟಿಗೆ ತುರಿಸಿಕೊಂಡು ಕಣ್ಣೀರು ಹಾಕಿದರು.

ಕತೆ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಮುಂದಿನ ಭಾನುವಾರ ಬೀದಿಯ ಕೊನೆಮನೆಯ ನಿವೃತ್ತ ಹೆಡ್ ಮಿಸ್ ಹೇಳಿಕಳಿಸಿದರು: ತಮ್ಮ ಹಿತ್ತಲಲ್ಲೂ ಒಂದು ಮರ ಉರುಳಿದೆ, ಸಿಸ್ಟರ್ ಸ್ವಲ್ಪ ಬಂದು ನೋಡಬಹುದೇ? ಸಿಸ್ಟರ್ ತಲೆಗೆ ಹೆಲ್ಮೆಟ್ ಏರಿಸಿ, ಡಿಪೋದಿಂದ ಮತ್ತೆ ತರಿಸಿದ ಗರಗಸ ಹಿಡಿದು, ಬೀದಿಯ ನಡುವೆ ಸೇನಾಪತಿಯಂತೆ ಹೊರಟರು. ಹತ್ತು ಹೆಜ್ಜೆ ಹಿಂದೆ ಮುಳ್ಳಪ್ಪನವರು: ಒಂದು ಕೈಯಲ್ಲಿ ಎಣ್ಣೆ ಡಬ್ಬಿ, ಇನ್ನೊಂದರಲ್ಲಿ ಅರ, ಬಗಲಲ್ಲಿ ಪುಸ್ತಕ, ಹಣೆಯ ಮೇಲೆ ಭೂತಗನ್ನಡಿ.

ಟೈಲರ್ ಅಂಗಡಿಯಲ್ಲಿ ಅಳತೆ ಕೊಡುತ್ತ ನಿಂತಿದ್ದ ಹೊಸ ಗಿರಾಕಿಯೊಬ್ಬ ಕತ್ತು ಚಾಚಿ ನೋಡಿದ. "ಯಾರ್ರೀ ಅವರು?"

"ಮುಂದೆ ಹೋಗ್ತಿರೋದಾ? ನಮ್ಮ ಸಿಸ್ಟರ್. ಎಂಥ ಮರ ಇದ್ರೂ ಕೊಯ್ದು ಹಾಕ್ತಾರೆ."

"ಮತ್ತೆ ಆ ಹಿಂದೆ ಬರ್ತಿರೋರು?"

ಮುಳ್ಳಪ್ಪನವರ ನಡಿಗೆ ತಾನಾಗಿಯೇ ನಿಧಾನವಾಯಿತು. ಎದೆ ಅರ್ಧ ಇಂಚು ಮುಂದೆ ಬಂತು. ಟೈಲರ್ ಟೇಪನ್ನು ಕೊರಳಿಗೆ ಹಾಕಿಕೊಂಡು ಒಂದು ಕ್ಷಣ ಯೋಚಿಸಿದ.

"ಅವರಾ? ಅವರು ಗರಗಸದ ಜೊತೆ ಬರೋರು."