ಮದುವೆಯ ಮೂಲೆಯಲ್ಲಿ ನನ್ನ ಫೋಟೊ

ಹೆಂಡತಿ ಕೇಳದೆ ಅವಳಿಗೆ ಉಪಕಾರ ಮಾಡಲು ಹೋಗಬಾರದು ಎಂಬ ಜ್ಞಾನೋದಯ ನನಗಾದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ರವಿವಾರ ಬೆಳಿಗ್ಗೆ.

ನೆಹರು ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಕಾಂತಾ ವಧು-ವರರ ಕೇಂದ್ರ ತೆರೆದು ನಾಲ್ಕು ತಿಂಗಳಾಗಿತ್ತು. ಮೂವರು ಹುಡುಗರು ಹೆಸರು ಬರೆಸಿದ್ದರು. ಹೆಣ್ಣಿನ ಕಡೆಯವರು ಒಬ್ಬರೂ ಹೊಸ್ತಿಲು ತುಳಿದಿರಲಿಲ್ಲ.

"ದೀಪಾವಳಿ ತನಕಾ ನೋಡತೇನ್ರಿ. ಒಂದರೆ ಹೆಣ್ಣಿನ ಕಡೆಯವರು ಬರಲಿಲ್ಲಂದ್ರ ಬೋರ್ಡ್ ಇಳಸತೇನಿ" ಎಂದಳು. ದನಿ ಸಣ್ಣದಾಗಿತ್ತು. ನನಗೆ ಖರೇ ಕೆಟ್ಟದೆನಿಸಿತು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಎಳೆದು ನಿವೃತ್ತನಾದ ಈ ಗುರುಪುತ್ರಪ್ಪ ಇನ್ನೂ ಬದುಕಿದ್ದಾನಲ್ಲ! (ನಿವೃತ್ತಿಯ ನಂತರ ನಾನು ಏನು ಮಾಡುತ್ತಿದ್ದೇನೆ ಎಂಬ ಬಗ್ಗೆ ಕಾಂತಾಳ ಅಭಿಪ್ರಾಯ ಬೇರೆ ಇದೆ, ಅದು ಇಲ್ಲಿ ಬೇಡ.) ಕೇಂದ್ರಕ್ಕೊಂದು ವೆಬ್‌ಸೈಟ್ ಕಟ್ಟಲು ಸಂಕಲ್ಪ ಮಾಡಿದೆ.

ಬರೀ ವೆಬ್‌ಸೈಟನ್ನು ಯಾರು ಬೇಕಾದರೂ ಕಟ್ಟುತ್ತಾರೆ. ನಾನು ಹನ್ನೊಂದು ದಿನ ಯೂಟ್ಯೂಬಿನಲ್ಲಿ ಫೆಂಗ್ ಶೂಯಿ ಎಂಬ ಚೀನೀ ಮಹಾಶಾಸ್ತ್ರದ ವ್ಯಾಸಂಗ ಮಾಡಿದೆ. ಅದರ ಪ್ರಕಾರ ಮನೆಯನ್ನು ಒಂಬತ್ತು ಚೌಕ ಮಾಡಬೇಕು. ಬಾಗಿಲಲ್ಲಿ ನಿಂತು ನೋಡಿದರೆ ಆಚೆ ತುದಿಯ ಬಲ ಮೂಲೆ ದಾಂಪತ್ಯದ್ದು. ಮನೆಗೆ ಸಲ್ಲುವ ಶಾಸ್ತ್ರ ಪರದೆಗೇಕೆ ಸಲ್ಲಬಾರದು? ಸ್ಕೇಲು ಹಿಡಿದು ಕಂಪ್ಯೂಟರಿನ ಪರದೆಯನ್ನು ಒಂಬತ್ತು ಪಾಲು ಮಾಡಿದೆ.

"ಮಾನಿಟರ್ ಮ್ಯಾಲೆ ಪೆನ್ನಿಲೆ ಗೀಟ ಹೊಡದೀರಲ್ರಿ!"

"ಮ್ಯಾಲಿನ ಬಲಕಿಂದು ಮದುವಿ ಮೂಲಿ, ಕಾಂತಾ. ಅಲ್ಲಿ ಜೋಡಿ ಇರಬೇಕು. ಚೀನಾದವರು ಜೋಡಿ ಬಾತುಕೋಳಿ ಇಡತಾರ."

"ಬಾತುಕೋಳಿ ನೋಡಿ ಯಾರ ಹೆಣ್ಣ ಕೊಡತಾರ್ರಿ? ಹುಡುಗರ ಫೋಟೋ ಮ್ಯಾಲೆ ಹಾಕ್ರಿ, ಫೋನ್ ನಂಬರ್ ದೊಡ್ಡದು ಮಾಡ್ರಿ. ಅಷ್ಟ ಸಾಕು."

"ಹಂಗ ಮಾಡಿದ್ರ ಶಕ್ತಿ ಹರಿಯೂದಿಲ್ಲ."

"ಕರೆಂಟ್ ಬಿಲ್ಲಿನ್ಯಾಗ ಹರಿಯಾಕತ್ತೈತಲ್ಲ, ಅಷ್ಟ ಸಾಲದ?"

ಬಾತುಕೋಳಿಯನ್ನು ಬಿಟ್ಟೆ. ಅದರ ಜಾಗಕ್ಕೆ ನಮ್ಮಿಬ್ಬರದೇ ಹತ್ತು ವರ್ಷದ ಹಿಂದಿನ ಫೋಟೊ ಹಾಕಿದೆ. ಸಂಪ್ರದಾಯದಂತೆ ಕಾಂತಾ ನನ್ನ ಎಡಕ್ಕೆ, ಅಂದರೆ ನೋಡುವವರ ಬಲಕ್ಕೆ ನಿಂತಿದ್ದಳು. ಕೆಳಗೆ ಮಂಗಳಕರವಾದ ಕೆಂಪು ಬಣ್ಣದಲ್ಲಿ, 'ಸಂಬಂಧ ಒಪ್ಪಿಗೆಯೇ? ಇಲ್ಲಿ ಒತ್ತಿ ಕರೆ ಮಾಡಿ.' ಮೂವರು ಹುಡುಗರು ಅವರವರ ಚೌಕ ಸೇರಿ ಎಲ್ಲೋ ತಳಕ್ಕೆ ಹೋದರು. ಕಂಪ್ಯೂಟರಿನಲ್ಲಿ ನೋಡಿ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಮೂರನೆಯ ದಿನವೇ ಖಾನಾಪುರದಿಂದ ಫೋನು ಬಂತು! ಸೈಟಿನಲ್ಲಿ ಒಂದು ಗಂಡು ನೋಡಿದ್ದಾರಂತೆ, ರವಿವಾರ ಬರುತ್ತಾರಂತೆ. ಮೂವರಲ್ಲಿ ಯಾರೆಂದು ಕೇಳಲು ಕಾಂತಾಳಿಗೆ ಸಂತೋಷದಲ್ಲಿ ನೆನಪಾಗಲಿಲ್ಲ.

ರವಿವಾರ ಬಂದವರು ಚಂದ್ರವ್ವ ಮತ್ತು ಅವಳ ಅಣ್ಣ ಬಾಳಪ್ಪ. ಹೆಣ್ಣು ಇವರ ತಂಗಿ ಪ್ರಮಿಳಾ, ಸಾಲಿ ಟೀಚರ್, ವಯಸ್ಸು ನಲವತ್ತೈದು, ಮದುವೆಯ ಮನಸ್ಸು ಈಗ ಮಾಡಿದ್ದಾಳಂತೆ. ಕಾಂತಾ ಒಳಗೆ ಮಿರ್ಚಿ ಕರಿಯುತ್ತಿದ್ದುದರಿಂದ ಚುರಮರಿ ಸೂಸಲಾ, ಚಹಾದ ತಟ್ಟೆ ಹಿಡಿದು ನಾನೇ ಹೊರಗೆ ಬಂದೆ. ಇಬ್ಬರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕುಂದರ್ರಿ. ಚಹಾ ನೀವ ಮಾಡೀರೇನ್ರಿ?" ಎಂದಳು ಚಂದ್ರವ್ವ.

"ಹೌದ್ರಿ." (ಸುಳ್ಳು.)

"ಶುಗರ್ ಏನರೆ ಐತೇನ್ರಿ?"

"ಸ್ವಲ್ಪ ಐತ್ರಿ. ಗುಳಿಗಿ ತಗೋತೇನಿ."

"ಆ ಕಿಡಕಿ ಒಂದೀಟ ಹಾಕತೀರೇನ್ರಿ?"

ಎದ್ದು ಹೋಗಿ ಕಿಟಕಿ ಮುಚ್ಚಿ ಬಂದೆ. ಹೆಣ್ಣು ನೋಡಲು ಹೋದಾಗ ನಡಿಗೆ ಪರೀಕ್ಷಿಸಲು ಹಿರಿಯರು ಮಾಡುವ ಉಪಾಯವಿದು ಎಂದು ಹೊಳೆಯುವಷ್ಟರಲ್ಲಿ ಬಾಳಪ್ಪ ಚಂದ್ರವ್ವನ ಕಡೆ ವಾಲಿ, "ಫೋಟೋದಾಗ ಕೂದಲಾ ಅದಾವಲ್ಲ" ಎಂದ.

ಮಿರ್ಚಿ ತಂದ ಕಾಂತಾಳಿಗೆ ಚಂದ್ರವ್ವ ಮೆತ್ತಗೆ ಹೇಳಿದಳು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಗಂಡು ನಮಗ ಬ್ಯಾಡ್ರಿ. ವಯಸ್ಸೂ ಜಾಸ್ತಿ, ಎಡಗಾಲೂ ಸ್ವಲ್ಪ ಎಳಿತಾರ."

"ಯಾವ ಗಂಡ್ರಿ?"

ಚಂದ್ರವ್ವ ತನ್ನ ಮೊಬೈಲು ಮುಂದೆ ಹಿಡಿದಳು. ಆ ಸಣ್ಣ ಪರದೆಯಲ್ಲಿ ಫೋಟೊದ ಬಲಭಾಗ ಕತ್ತರಿಸಿ ಹೋಗಿತ್ತು, ಕಾಂತಾ ಸಮೇತ. ಉಳಿದವನು ನಾನೊಬ್ಬನೇ, ನಗುತ್ತಾ, ಕೆಳಗೆ ಕೆಂಪು ಗುಂಡಿ. ಮೊಬೈಲಿನಲ್ಲಿ ಒಮ್ಮೆಯಾದರೂ ತೆರೆದು ನೋಡಬೇಕೆಂದು ಹನ್ನೊಂದು ದಿನದ ವ್ಯಾಸಂಗದಲ್ಲಿ ಯಾರೂ ಹೇಳಿರಲಿಲ್ಲ. ನಾನು ಚೌಕ, ಶಕ್ತಿ, ಬಾತುಕೋಳಿ ಎಂದೆಲ್ಲ ವಿವರಿಸಲು ಶುರುಮಾಡಿದೆ. ಕಾಂತಾಳ ಕಣ್ಣಲ್ಲಿ ನೀರಾಡುತ್ತಿತ್ತು. ನಾಲ್ಕು ತಿಂಗಳಿಗೆ ಬಂದ ಮೊದಲ ಹೆಣ್ಣಿನ ಕಡೆಯವರನ್ನೂ ನಾನೇ ಕಳೆದಿದ್ದೆ.

"ಇವರು ನಮ್ಮ ಮನಿಯವರ್ರಿ" ಎಂದಳು ಕಾಂತಾ.

ಚಂದ್ರವ್ವ ನನ್ನನ್ನು ನೋಡಿದಳು. ಆಮೇಲೆ ಕಾಂತಾಳನ್ನು. ಆಮೇಲೆ ಮಾನಿಟರಿನ ಮೇಲಿನ ಗೀಟುಗಳನ್ನು.

"ಮದುವಿ ಆಗಿ ಎಷ್ಟ ವರ್ಷ ಆತ್ರಿ?"

"ಮೂವತ್ತೊಂದು."

ಚಂದ್ರವ್ವ ಎದ್ದು ಕಾಂತಾಳ ಕೈ ಹಿಡಿದಳು. "ಅಣ್ಣಾ, ಪ್ರಮಿಳಾನ ಹೆಸರು ಇಲ್ಲೇ ಬರಸೂಣು. ಅಕ್ಕಾರು ಇಂಥವರ ಕೂಡ ಮೂವತ್ತೊಂದು ವರ್ಷ ಬಾಳೇವ ಮಾಡ್ಯಾರಂದ್ರ, ಗಂಡು ಹೆಂಗಿರಬಾರದು ಅನ್ನೂದು ಇವರಿಗಿಂತ ಚಲೋ ಯಾರಿಗೆ ಗೊತ್ತಿರತೈತಿ?"

ಕಾಂತಾ ಕಣ್ಣೊರೆಸಿಕೊಂಡು ಹೆಸರು ಬರೆದುಕೊಂಡಳು. ಈಗ ಖಾನಾಪುರದಿಂದಲೇ ಆರು ಮನೆಯವರು ಬಂದಿದ್ದಾರೆ. ಫೋಟೊ ತೆಗೆದುಬಿಡುತ್ತೇನೆ ಎಂದರೆ ಅವಳು ಬಿಡಲೊಲ್ಲಳು. ಮೊಬೈಲಿನಲ್ಲಿ ನಾನು ಇವತ್ತಿಗೂ ಒಬ್ಬನೇ ನಗುತ್ತಿದ್ದೇನೆ. ಕೆಂಪು ಗುಂಡಿಯ ಜಾಗದಲ್ಲಿ ಮಾತ್ರ ಅವಳು ಬರೆಸಿದ ಒಂದು ಸಾಲಿದೆ: 'ಕೇಂದ್ರದ ಸಂಚಾಲಕಿಯ ಅನುಭವ: ಮೂವತ್ತೊಂದು ವರ್ಷ.'