ಗಾಲಿ ಹಾಲಿನಣ್ಣಂದು, ಬೆಲ್ಲು ಅಂಚೆ ತಾತಂದು

ನನ್ನ ಸೈಕಲ್ಲಿನ ವಿಷಯದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಅದು ಅಂಗಡಿಯಿಂದ ಹೊಸದಾಗಿ ಬಂದ ಸೈಕಲ್ಲಲ್ಲ. ಒಬ್ಬೊಬ್ಬರ ಮನೆಯಿಂದ ಒಂದೊಂದು ಭಾಗ ಬಂದು ಕೂಡಿಕೊಂಡ ಅವಿಭಕ್ತ ಕುಟುಂಬ. ಕುಟುಂಬ ಅಂದಮೇಲೆ ಸುಮ್ಮನಿರುತ್ತದೆಯೇ?

ಹೊಸದುರ್ಗದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನನಗೆ ಮೇಡಂ ಕೆಲಸ ಸಿಕ್ಕಿತು. ಇರುವುದು ಹೊಸದುರ್ಗದ ದೊಡ್ಡಪ್ಪನ ಮನೆಯಲ್ಲಿ. ಹಳ್ಳಿಗೆ ಹೋಗುವ ಬಸ್ಸು ಪ್ರಾರ್ಥನೆ ಮುಗಿದ ಮೇಲೇ ತಲುಪುತ್ತಿತ್ತು. ಹೆಡ್‌ಮಾಸ್ತರು ಬೈಯುತ್ತಿರಲಿಲ್ಲ. ಕೈಗಡಿಯಾರ ನೋಡಿ, ನನ್ನನ್ನು ನೋಡಿ, ಮತ್ತೆ ಗಡಿಯಾರ ನೋಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು. ಚಿತ್ರದುರ್ಗದಲ್ಲಿದ್ದ ಅಪ್ಪನಿಗೆ ಸುದ್ದಿ ಮುಟ್ಟಿ, "ದಸರಾ ಹೊತ್ತಿಗೆ ಹೋಗಿಬರೋಕೆ ಒಂದು ದಾರಿ ಮಾಡ್ಕೊ. ಇಲ್ಲಾಂದ್ರೆ ನಾನೇ ಬಂದು ಕರ್ಕಂಡು ಹೋಗ್ತೀನಿ" ಅಂದುಬಿಟ್ಟರು. ಕೆಲಸ ಬಿಡುವ ಮನಸ್ಸು ನನಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ದೊಡ್ಡಪ್ಪ ನನ್ನ ಮುಖ ನೋಡಿ, "ಒಂದು ಸೈಕಲ್ ಕಟ್ಟಾಣ ಬಿಡು" ಅಂದರು.

ಹೀರೇಬಳ್ಳಿ

ದೊಡ್ಡಪ್ಪ ಹಿಂದೆ ಹಿರಿಯೂರಿನಲ್ಲಿ ಕೆಲಸದಲ್ಲಿದ್ದಾಗ, ವರ್ಗವಾಗಿ ಹೊರಟ ಇಂಜಿನಿಯರೊಬ್ಬರು ತಮ್ಮ ಮನೆಯವರ ರೇಸ್ ಸೈಕಲ್ಲಿನ ಫ್ರೇಮನ್ನು ಇವರಿಗೆ ಕೊಟ್ಟು ಹೋಗಿದ್ದರಂತೆ. ವಿಲಾಯ್ತಿ ಉಕ್ಕು, ಬೆರಳಿನಿಂದ ತಟ್ಟಿದರೆ ಠಣ್ ಅನ್ನುವಂಥದ್ದು. ಹೆಂಗಸರ ಸೈಕಲ್ಲಾದ್ದರಿಂದ ಸೀರೆ ಉಟ್ಟುಕೊಂಡೂ ಹತ್ತಬಹುದು. ಹುಡುಕಿದೆವು. ಹಿತ್ತಲಲ್ಲಿ ಸಿಕ್ಕಿತು. ದೊಡ್ಡಮ್ಮ ಅದನ್ನು ನೆಲಕ್ಕೆ ನೆಟ್ಟು ಹೀರೇಬಳ್ಳಿ ಹಬ್ಬಿಸಿದ್ದರು.

"ಮುಟ್ಟಬೇಡ್ರಿ, ಈಗ ಹೂವು ಬಿಟ್ಟೈತೆ!"

"ಹುಡುಗಿ ಕೆಲಸ ಹೋಗ್ತೈತೆ ಕಣೇ."

"ಕಾಯಿ ಹೋದ್ರೆ ಬರ್ತಾವಾ? ಕೆಲಸ ಒಂದಲ್ಲ ಇನ್ನೊಂದು ಬರ್ತೈತೆ."

ಕೊನೆಗೆ ಎಳೇ ಕಾಯಿ ಕಿತ್ತು ಮುಗಿಯುವವರೆಗೆ ಕಾದೆವು. ನಾನಾಗ ತಿಂದಷ್ಟು ಹೀರೇಕಾಯಿ ಯಾರೂ ತಿಂದಿರಲಾರರು. ಬಳ್ಳಿ ಬಿಡಿಸಿ ಫ್ರೇಮು ಎತ್ತಿಕೊಟ್ಟ ದೊಡ್ಡಮ್ಮ, "ನೋಡು, ಎಷ್ಟು ಗಟ್ಟಿ ಐತೆ. ಎಲ್ಲಾ ನಾನು ಹಾಕಿದ ಗೊಬ್ಬರ" ಅಂದರು.

ಬಸ್ಸಿನಲ್ಲಿ ಕೊಂಬು

ಆ ಫ್ರೇಮಿಗೆ ನಮ್ಮ ಕಡೆಯ ಹ್ಯಾಂಡಲ್ ಕೂರಲಿಲ್ಲ. ನಾನು ಚಿತ್ರದುರ್ಗದ ಗುಜರಿ ಅಂಗಡಿಯಲ್ಲಿ ಹುಡುಕಿ, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡ ಹಳೇ ರೇಸ್ ಹ್ಯಾಂಡಲೊಂದನ್ನು ತಂದೆ. ಬಸ್ಸು ತುಂಬಿತ್ತು. ಚುಚ್ಚೀತೆಂದು ಹ್ಯಾಂಡಲನ್ನು ಎತ್ತಿ ಹಿಡಿದುಕೊಂಡು ಕೂತೆ.

ಪಕ್ಕದ ಅಜ್ಜಿ ಒಂದು ಸಲ ನೋಡಿ, ತನ್ನ ಕೈಚೀಲವನ್ನು ಅದಕ್ಕೆ ತಗುಲಿಹಾಕಿದಳು. ನಿಂತಿದ್ದವರೊಬ್ಬರು, "ಒಂಚೂರು ಇರ್ಲವ್ವ" ಎಂದು ಊಟದ ಕ್ಯಾರಿಯರ್ ತೂಗುಹಾಕಿದರು. ನನಗೆ ಇಂಗ್ಲಿಷ್ ಶಾಲೆಯಲ್ಲಿ ಥ್ಯಾಂಕ್ಯೂ, ಸಾರಿ ಎರಡನ್ನೂ ಚೆನ್ನಾಗಿ ಕಲಿಸಿದ್ದರು. ಬೇಡ ಅನ್ನುವುದನ್ನು ಕಲಿಸಿರಲಿಲ್ಲ. ಹೊಳಲ್ಕೆರೆ ಬರುವ ಹೊತ್ತಿಗೆ ನಾನೊಂದು ಗೂಟವಾಗಿದ್ದೆ. ಕಂಡಕ್ಟರ್ ಬಂದವರು ನನ್ನ ಮುಖ ಕಾಣದೆ, ಚೀಲಗಳನ್ನು ಸರಿಸಿ, "ಒಳಗ್ಯಾರ್ರಿ? ಟಿಕೆಟ್ ಆಯ್ತಾ?" ಅಂದರು.

ಊರೆಲ್ಲ ಇಳಿಜಾರು

ಹಿಂದಿನ ಗಾಲಿ ಕೊಟ್ಟವರು ಹಾಲಿನಣ್ಣ. ಅವರ ಹಳೇ ಸೈಕಲ್ಲಿನಲ್ಲಿ ಎರಡು ಕ್ಯಾನು ಹೊತ್ತು ಹಳ್ಳಿ ಸುತ್ತಿದ ಗಾಲಿ ಅದು. ಮುಂದಿನದು ಸೈಕಲ್ ಶಾಪಿನ ಯಜಮಾನರ ಹತ್ತಿರವೇ ಬಿದ್ದಿದ್ದ, ಯಾವುದೋ ಮಕ್ಕಳ ಸೈಕಲ್ಲಿನ ಗಾಲಿ. ಜೋಡಿಸಿ ನಿಲ್ಲಿಸಿದರೆ ಸೈಕಲ್ಲು ನೆಲದಲ್ಲಿ ಏನೋ ಕಳೆದುಕೊಂಡು ಹುಡುಕುತ್ತಿರುವ ಹಾಗೆ ಮುಂದಕ್ಕೆ ಬಗ್ಗಿತ್ತು.

"ಒಂದು ದೊಡ್ಡದು, ಒಂದು ಚಿಕ್ಕದು ಆಯ್ತಲ್ಲ?" ಅಂದೆ, ಮೆಲ್ಲಗೆ.

ಯಜಮಾನರು ದೂರ ನಿಂತು ನೋಡಿದರು. ಹತ್ತಿರ ಬಂದು ನೋಡಿದರು. "ಒಳ್ಳೇದೇ ಆಯ್ತು ಬಿಡ್ರಿ ಮೇಡಮ್ಮೋರೆ. ಇನ್ಮೇಲೆ ನಿಮಗೆ ಊರೆಲ್ಲ ಇಳಿಜಾರೇ."

ಕಾಗದ ಐತಾ?

ನಿವೃತ್ತ ಅಂಚೆಯವರೊಬ್ಬರಿದ್ದರು, ಎಲ್ಲರಿಗೂ ಅಂಚೆ ತಾತ. ಅವರು ತಮ್ಮ ಸೈಕಲ್ಲಿನ ಬೆಲ್ಲು ಬಿಚ್ಚಿ ಕೊಟ್ಟರು. ಮೊದಲ ದಿನ ಬೀದಿಯಲ್ಲಿ ಅಡ್ಡ ನಿಂತಿದ್ದ ಎಮ್ಮೆಗೆ ಎರಡು ಸಲ ಟ್ರಿಣ್ ಅನ್ನಿಸಿದೆ. ಎಮ್ಮೆ ಅಲ್ಲಾಡಲಿಲ್ಲ. ಮನೆ ಮನೆಯಿಂದ ಜನ ಹೊರಗೆ ಬಂದರು. "ನಮ್ಮ ಹುಡುಗಂದು ಕಾಗದ ಐತೇನವ್ವ?" "ನಮಗೇನಾದ್ರೂ ಬಂತಾ?" ಅಷ್ಟು ವರ್ಷ ಆ ಸದ್ದಿಗೆ ಎದ್ದು ಬಂದ ಕಾಲುಗಳು, ಪಾಪ. ಎಲ್ಲರಿಗೂ ಇಲ್ಲ ಅಂತ ಹೇಳುವಷ್ಟರಲ್ಲಿ ನಾನೇ ಅಳುವ ಹಾಗಾದೆ. ಅಂದಿನಿಂದ ಬೆಲ್ಲು ಮುಟ್ಟದೆ ಎಮ್ಮೆಗಳಿಗೆ "ಎಕ್ಸ್‌ಕ್ಯೂಸ್ ಮಿ" ಅನ್ನುತ್ತಿದ್ದೆ.

ಆದರೆ ಒಂದು. ಊರಿನಲ್ಲಿ ನನ್ನನ್ನು ಮಾತಾಡಿಸುವವರು ಹೆಚ್ಚಾದರು. ಹಾಲಿನಣ್ಣ ಎದುರಾದರೆ, "ಗಾಲಿ ಹೆಂಗೈತವ್ವ?" ಅಂಚೆ ತಾತ, "ಬೆಲ್ಲಿಗೆ ನೆಗಡಿ ಆದಂಗೈತಲ್ಲ, ಎಣ್ಣೆ ಬಿಡು." ಎಲ್ಲ ವಿಚಾರಿಸಿಕೊಂಡ ಮೇಲೆ, ಹೋಗುವಾಗ ಹಿಂತಿರುಗಿ, "ನೀನು ಚೆನ್ನಾಗಿದ್ದೀಯಾ?"

ಆಯುಧಪೂಜೆ

ಸೈಕಲ್ಲು ಆಯಿತು. ಶಾಲೆಯ ಬಯಲಿನಲ್ಲಿ ಯಾರೂ ಇಲ್ಲದಾಗ ಕಲಿತದ್ದೂ ಆಯಿತು. ಆದರೆ ಬೀದಿಯಲ್ಲಿ ನಾಲ್ಕು ಜನರ ಎದುರಿಗೆ ಹತ್ತಲು ನಾಚಿಕೆ. ದಿನವೂ ತಳ್ಳಿಕೊಂಡೇ ಹೋಗುತ್ತಿದ್ದೆ, ಪ್ರಾರ್ಥನೆ ತಪ್ಪುತ್ತಲೇ ಇತ್ತು. ದೊಡ್ಡಮ್ಮ, "ಇದೇನು ಸೈಕಲ್ಲಾ, ಮೇಯಿಸೋಕೆ ಹೊಡ್ಕಂಡು ಹೋಗೋ ಎಮ್ಮೆನಾ?" ಅನ್ನುತ್ತಿದ್ದರು. ಆಯುಧಪೂಜೆ ಬಂತು. ಕರೆದುಕೊಂಡು ಹೋಗಲು ಅಪ್ಪನೂ ಬಂದರು. ನಾನು ಬಟ್ಟೆ ಮಡಚಿಟ್ಟೆ.

ಸೈಕಲ್ಲಿಗೆ ಭಾಗ ಕೊಟ್ಟವರೆಲ್ಲ ಪೂಜೆಗೆ ಬಂದಿದ್ದರು. ಹಾಲಿನಣ್ಣ ತಮ್ಮ ಗಾಲಿಗೆ ಮಾತ್ರ ವಿಭೂತಿ ಬಳಿದರು. ಅಂಚೆ ತಾತ ಬೆಲ್ಲಿಗೆ ಕುಂಕುಮವಿಟ್ಟರು. ದೊಡ್ಡಮ್ಮ ಚೆಂಡುಹೂವಿನ ಸರವನ್ನು ಹ್ಯಾಂಡಲಿಗೂ ಬ್ರೇಕಿಗೂ ಸೇರಿಸಿ ಬಿಗಿಯಾಗಿ ಸುತ್ತಿದರು. ಯಜಮಾನರು ಎರಡು ಕೊಂಬಿಗೂ ಬಾಳೆಕಂದು ಕಟ್ಟಿದರು. ಚಕ್ರದಡಿಗೆ ಒಬ್ಬೊಬ್ಬರದೂ ಒಂದೊಂದು ನಿಂಬೆಹಣ್ಣು.

"ಹತ್ತವ್ವ. ಹಣ್ಣು ತುಳಿಸಿ ಇಳಿದುಬಿಡು, ಅಷ್ಟೇ" ಅಂದರು ದೊಡ್ಡಪ್ಪ.

ಕಣ್ಣು ಮುಚ್ಚಿ ಹತ್ತಿದೆ. ನಿಂಬೆಹಣ್ಣೆಲ್ಲ ಪಚಪಚ ಎಂದವು. ಇಳಿಯೋಣವೆಂದು ಬ್ರೇಕು ಹಿಡಿದರೆ ಬರೀ ಚೆಂಡುಹೂವು. ಇಳಿಜಾರಿನ ಸೈಕಲ್ಲು, ಹೊರಟಿತು. ಬೀದಿಯ ಕೊನೆಯಲ್ಲಿದ್ದ ಆಡುಗಳು ಬಾಳೆಎಲೆ ಕಂಡು ಬೆನ್ನು ಹತ್ತಿದವು. ನಾನು ಹೆದರಿ ಇನ್ನೂ ಜೋರಾಗಿ ತುಳಿದೆ. ಗುಂಡಿಗೆ ಬಿದ್ದಾಗಲೆಲ್ಲ ಬೆಲ್ಲು ತಾನಾಗಿ ಟ್ರಿಣ್ ಅನ್ನುವುದು, ಎರಡೂ ಕಡೆ ಬಾಗಿಲು ತೆರೆದು ಜನ "ಕಾಗದ ಐತಾ?" ಅನ್ನುವುದು. ನಾನು "ಇಲ್ಲ! ಸಾರಿ! ಇಲ್ಲ!" ಎಂದು ಕೂಗುತ್ತ ಊರು ದಾಟಿದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

ಸೈಕಲ್ಲಿಗೆ ಗೊತ್ತಿದ್ದದ್ದು ಒಂದೇ ದಾರಿ. ಶಾಲೆಯ ಮುಂದಿನ ಹುಲ್ಲಿನ ಮೆದೆಗೆ ಹೊಕ್ಕು ನಿಂತಿತು. ಒಳಗೆ ಹೆಡ್‌ಮಾಸ್ತರು ಶಾಲೆಯ ಗಂಟೆಗೆ ಪೂಜೆ ಮಾಡುತ್ತಿದ್ದರು. ಹೊರಗೆ ಬಂದರು. ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಮತ್ತೆ ಗಡಿಯಾರ ನೋಡಿದರು. "ಪ್ರಾರ್ಥನೆಗೆ ಮುಂಚೆ ಬಂದಿದ್ದೀರಿ. ಆದರೆ ಇವತ್ತು ರಜ ಕಣಮ್ಮ."

ಅಷ್ಟರಲ್ಲಿ ಪೂಜೆಗೆ ಬಂದವರೆಲ್ಲ ಸೈಕಲ್ಲು ತುಳಿದುಕೊಂಡು ಬಂದರು. ಹಾಲಿನಣ್ಣನ ಕ್ಯಾರಿಯರ್ ಮೇಲೆ ಅಪ್ಪ. ಹಾಲಿನಣ್ಣ ನೇರವಾಗಿ ಬಂದು ತಮ್ಮ ಗಾಲಿ ತಿರುಗಿಸಿ ನೋಡಿದರು. ಅಂಚೆ ತಾತ ಬೆಲ್ಲು ಒತ್ತಿ ನೋಡಿದರು. ದೊಡ್ಡಪ್ಪ ಫ್ರೇಮು ತಟ್ಟಿದರು. ಠಣ್.

ಅಪ್ಪ ಕ್ಯಾರಿಯರಿನಿಂದ ಇಳಿದು ಬಂದು, "ಎಲ್ಲಾರೂ ಅವರವರ ಸಾಮಾನು ನೋಡ್ಕಂಡ್ರೇನ್ರಪ್ಪ? ಹುಲ್ಲಿನಾಗೆ ಕುಂತಿರೋದು ನಂದು" ಎಂದು ನನ್ನ ಕೈ ಹಿಡಿದು ಎಬ್ಬಿಸಿದರು. ನನ್ನ ತಲೆಯ ಹುಲ್ಲು ಒಂದೊಂದಾಗಿ ತೆಗೆದರು. ಆಮೇಲೆ, ಬಾಳೆಕಂದು ಮೇಯುತ್ತಿದ್ದ ಆಡುಗಳನ್ನೂ ಆ ಸೈಕಲ್ಲನ್ನೂ ಬಹಳ ಹೊತ್ತು ನೋಡುತ್ತ ನಿಂತರು.

ಹೆಡ್‌ಮಾಸ್ತರು ಅಳುಕುತ್ತಲೇ ಕೇಳಿದರು. "ಮಗಳನ್ನ ಕರ್ಕಂಡು ಹೋಗೋಕೆ ಬಂದಿದ್ದೀರಿ ಅಂತ ಕೇಳಿದ್ದೆ?"

"ಎಲ್ಲಿಂದ ಕರ್ಕಂಡು ಹೋಗ್ಲಿ ಸ್ವಾಮಿ," ಅಂದರು ಅಪ್ಪ, "ಅವಳು ನಿಂತ್ರೆ ತಾನೆ!"