ಟವೆಲ್ಲಿನೊಳಗಿನ ಜ್ವರ

ಕುಸುಬಿ ಎಣ್ಣೆ ಹದವಾಗಿ ಕಾದಿರಬೇಕು. ಅಜವಾನ ಬೆರೆಸಿದ ಕಡಲೆ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಅದರೊಳಗೆ ಚುಂಯ್ ಎಂದು ಬೀಳಬೇಕು. ಆಗ ಏಳುವ ವಾಸನೆಯಲ್ಲಿ ಕೊಟ್ರಪ್ಪ ಮಾಸ್ತರರ ಅರ್ಧ ಬಾಲ್ಯವೇ ಅಡಗಿತ್ತು. ಹುಟ್ಟೂರು ಹರ್ತಿಯ ಮನೆಯ ಕಟ್ಟೆಯ ಮೇಲೆ ಕೂತು ಅವರು ಗದಗಿನ ಸಂತೆಗೆ ಹೋದ ಅಪ್ಪನ ದಾರಿ ಕಾಯುತ್ತಿದ್ದರು. ಅಪ್ಪ ಇನ್ನೂ ಓಣಿಯ ತಿರುವಿನಲ್ಲಿ ಇರುವಾಗಲೇ ಮಿರ್ಚಿ ಭಜಿಯ ವಾಸನೆ ಅವನ ಕೈಚೀಲದಿಂದ ಇಳಿದು, ಮುಂದೆ ಓಡಿಬಂದು, ಹುಡುಗನ ಮೂಗು ಹಿಡಿದು ಎಬ್ಬಿಸುತ್ತಿತ್ತು.

ಅದೇ ವಾಸನೆ ಅರವತ್ತಾರನೆಯ ವಯಸ್ಸಿನಲ್ಲಿ, ಎರಡನೇ ಲಾಕ್‌ಡೌನಿನ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ, ಬೆಟಗೇರಿಯ ಓಣಿಯಲ್ಲಿ ಅವರನ್ನು ಮತ್ತೆ ಎಬ್ಬಿಸಿತು. ಮಾಸ್ತರರು ಟವೆಲ್ ಹೆಗಲಿಗೆ ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಏರಿಸಿ, ಕಾಯಿಪಲ್ಯೆ ತರುವವರಂತೆ ಗಂಭೀರವಾಗಿ ಹೊರಗೆ ನಡೆದರು.

ಗಂಭೀರವಾಗಿ ನಡೆಯಲೇಬೇಕಿತ್ತು. ಏಕೆಂದರೆ ಆ ಮನೆಯಲ್ಲಿ ಕರಿದ ತಿಂಡಿಯನ್ನು ನಿಷೇಧ ಮಾಡಿದವರು ಅವರೇ.

ಲಾಕ್‌ಡೌನ್ ಶುರುವಾದ ದಿನವೇ ಅವರು ಹೆಂಡತಿ ಸುಮಿತ್ರವ್ವನನ್ನು ಎದುರು ಕೂಡ್ರಿಸಿಕೊಂಡು ಹಳೆಯ ರೂಢಿಯಂತೆ ಪಾಠ ಮಾಡಿದ್ದರು.

"ಕೇಳಿಲ್ಲೆ. ಹೋದ ವರ್ಷ ಮಂದಿ ಕಲೀಲಿಲ್ಲ. ಈ ಸಲ ನಮ್ಮನ್ಯಾಗ ಬೇಕಾದದ್ದಕ್ಕಷ್ಟ ಖರ್ಚು. ಪೇಪರ್ ಬಿಡಸೂದು. ಚಾ ಒಂದ ಸಲ. ಕಡ್ಲಿ ಹಿಟ್ಟು ತರೂದ ಬ್ಯಾಡ, ಕರಿಯೂದ ಬ್ಯಾಡ."

"ಆತ್ರಿ. ಯಾರರ ಬ್ಯಾಡಾದದ್ದಕ್ಕ ಖರ್ಚು ಮಾಡಿದ್ರ?"

"ಮಾಡಿದವರು ತಿಜೋರಿ ಕೀಲಿ ಇನ್ನೊಬ್ಬರ ಕೈಯಾಗ ಕೊಡೂದು."

"ಖರೇನ?"

"ಮಾಸ್ತರ ಮಾತಂದ್ರ ಮಾತು."

ಆ ಕೀಲಿ ಮೂವತ್ತೆಂಟು ವರ್ಷಗಳಿಂದ ಮಾಸ್ತರರ ಉಡದಾರದಲ್ಲೇ ನೇತಾಡಿಕೊಂಡಿತ್ತು. ಸುಮಿತ್ರವ್ವ ಒಂದು ಸೂಜಿ ಕೊಳ್ಳಬೇಕಾದರೂ ಅದರ ಎದುರು ನಿಂತು ಕೇಳಬೇಕಿತ್ತು. ಆವತ್ತು ಆಕೆ ಕೀಲಿಯನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು, ಒಳಗೆ ಹೋದಳು.

ಉಳಿತಾಯವಂತೂ ಆಯಿತು. ಮದುವೆಗಳಿಲ್ಲ, ಉಡುಗೊರೆ ಕೊಡುವ ಆಹೇರಿಯ ಸೀರೆ ಇಲ್ಲ. ಲಕ್ಷ್ಮೇಶ್ವರದ ತಂಗಿಯ ಮನೆಗೆ ಹೋಗುವ ಬಸ್ಸಿನ ಖರ್ಚಿಲ್ಲ. ಮಾಸ್ತರರು ದಿನಾ ಬೆಳಗ್ಗೆ ಕಟ್ಟೆಯ ಮೇಲೆ ನಿಂತು ಓಣಿಯವರಿಗೆ ಮಿತವ್ಯಯದ ಮೇಲೆ ಭಾಷಣ ಮಾಡುತ್ತಿದ್ದರು. ಎದುರು ಮನೆಯ ಯಂಕಪ್ಪ ಖಾಯಂ ಶ್ರೋತೃ. ಮುಂಡರಗಿಯ ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಈಗ ಕೆಲಸವಿಲ್ಲ. ಆದ್ದರಿಂದ ಓಣಿಯ ಸಿಸಿ ಕ್ಯಾಮೆರಾದ ಕೆಲಸವನ್ನು ತಾನೇ ವಹಿಸಿಕೊಂಡಿದ್ದ.

ಸುಮಿತ್ರವ್ವನೂ ಕಾಲ ಕಳೆಯಲು ದಾರಿ ಹುಡುಕಿಕೊಂಡಿದ್ದಳು. ಮಧ್ಯಾಹ್ನವಾದರೆ ಲಟ್ಟಣಿಗೆ ಹಿಡಿದು, ಓಣಿಯ ತುದಿಯಲ್ಲಿದ್ದ ಕರೆವ್ವನ ಮನೆಗೆ ಹಪ್ಪಳ ಲಟ್ಟಿಸಲು ಹೋಗುತ್ತಿದ್ದಳು. ನಿನ್ನೆ ಬಂದು ಕೇಳಿದ್ದಳು: "ಹಪ್ಪಳ ಹರವಾಕ ರದ್ದಿ ಪೇಪರ್ ತೀರ್ಯಾವ್ರಿ. ನೀವ ಪೇಪರ್ ಬಿಡಸೀರಿ. ಮಾಳಗಿ ಮ್ಯಾಲ ನಿಮ್ಮ ಸಾಲಿ ಹಳೇ ಉತ್ತರಪತ್ರಿಕಿ ಬಿದ್ದಾವಲ್ಲ, ಒಯ್ಯಲೇನು?"

"ಒಯ್ಯಿ, ಒಯ್ಯಿ. ಅದಕ್ಕೇನ್ ಖರ್ಚಿಲ್ಲ," ಎಂದಿದ್ದರು ಮಾಸ್ತರರು ಉದಾರವಾಗಿ. ಆಮೇಲೆ ನೆನಪಾಗಿ, "ಅಲ್ಲಾ, ಇಷ್ಟು ದಿನ ಲಟ್ಟಿಸೀದಿ, ಒಂದು ಹಪ್ಪಳ ಮನೀಗೆ ಬಂದಿಲ್ಲಲ್ಲ?" ಎಂದಿದ್ದರು.

"ಒಣಗಾಕತ್ತಾವ್ರಿ."

ಬಾರದಿದ್ದರೆ ಒಳ್ಳೆಯದೇ, ಕರಿಯುವ ಎಣ್ಣೆ ಉಳಿಯಿತು ಎಂದುಕೊಂಡು ಮಾಸ್ತರರು ಸುಮ್ಮನಾಗಿದ್ದರು.

ಅವರ ವ್ರತ ಕೆಟ್ಟದ್ದು ರಹಮಾನಸಾಬನಿಂದ. ಗದಗಿನ ಸ್ಟೇಷನ್ ರಸ್ತೆಯಲ್ಲಿ ಮೂವತ್ತು ವರ್ಷ ಮಿರ್ಚಿ ಗಾಡಿ ಹಚ್ಚಿದವನು ಅವನು. ಲಾಕ್‌ಡೌನಿನಲ್ಲಿ ಅದೇ ಗಾಡಿಯ ಮೇಲೆ ಬದನೆಕಾಯಿ, ಪಾಲಕ್ ಇಟ್ಟುಕೊಂಡು ಓಣಿ ಓಣಿ ತಿರುಗುತ್ತಿದ್ದ. ಹತ್ತು ದಿನದ ಹಿಂದೆ ಅವನು ಪಾಲಕ್ ಸಿವುಡನ್ನು ಸ್ವಲ್ಪವೇ ಎತ್ತಿ ತೋರಿಸಿದ್ದ. ಕೆಳಗೆ ಬಿಸಿಬಿಸಿ ಪೊಟ್ಟಣ!

"ಎಲ್ಲಿ ಕರೀತಿಪಾ?"

"ಅದನ್ನ ಕೇಳಬ್ಯಾಡ್ರಿ ಮಾಸ್ತರ. ತಿಂದು ನೋಡ್ರಿ."

ತಿಂದ ಮಾಸ್ತರರ ಕಣ್ಣಲ್ಲಿ ನೀರು ಬಂದಿತ್ತು, ಅರ್ಧ ಖಾರಕ್ಕೆ, ಅರ್ಧ ಆನಂದಕ್ಕೆ. "ಮೂವತ್ತು ವರ್ಷದಾಗ ನಿನ್ನ ಕೈಲೆ ಇಂಥಾದ್ದು ತಿಂದಿದ್ದಿಲ್ಲ ನೋಡು! ನಮ್ಮನ್ಯಾಗೂ ಮಾಡ್ತಾರ ಅನ್ನು. ಹಿಟ್ಟು ಆ ಕಡೆ ಮಾರಿ ಮಾಡಿರ್ತೈತಿ, ಮೆಣಸಿನಕಾಯಿ ಈ ಕಡೆ ಮಾರಿ ಮಾಡಿರ್ತೈತಿ."

ರಹಮಾನಸಾಬನಿಗೆ ಮಾಸ್ಕಿನೊಳಗೆ ಜೋರು ಕೆಮ್ಮು ಬಂದಿತ್ತು.

ಅಂದಿನಿಂದ ದಿನವೂ ನಾಲ್ಕು ಮಿರ್ಚಿ, ಬೆಲೆ ಮೊದಲಿನ ಎರಡರಷ್ಟು. ಹೆಂಡತಿಗೆ, "ಪಾಲಕ್ ಭಾಳ ತುಟ್ಟಿ ಆಗೇತಿ," ಎಂದು ಹೇಳಿದರೆ ಮುಗಿಯಿತು. ಮೊದಲ ದಿನ ಪೊಟ್ಟಣವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎಣ್ಣೆಯ ಕಲೆ ಬಿದ್ದು, ಅದಕ್ಕೆ ಸೈಕಲ್ಲಿನ ಚೈನು ಕಾರಣವೆಂದು ಸುಳ್ಳು ಹೇಳಬೇಕಾಗಿತ್ತು. ಅವರ ಮನೆಯಲ್ಲಿ ಸೈಕಲ್ ಇರಲಿಲ್ಲ.

ವಾಸನೆ ಎಬ್ಬಿಸಿದ ಈ ಮಧ್ಯಾಹ್ನ ಪೊಟ್ಟಣ ಕೈಗೆ ಬಂದ ಗಳಿಗೆಗೇ ಎದುರಿನಿಂದ ದನಿ ಬಂತು.

"ಮಾಸ್ತರ! ಏನ್ ತಗೊಂಡ್ರಿ?"

ಯಂಕಪ್ಪ ಕಟ್ಟೆ ಇಳಿದು ಬರುತ್ತಿದ್ದ. ಕಿಸೆಗೆ ಹಾಕುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಮಾಸ್ತರರು ಗಾಡಿಯ ಆಚೆ ಬಗ್ಗಿದಂತೆ ಮಾಡಿ ಪೊಟ್ಟಣವನ್ನು ನಡುನೆತ್ತಿಯ ಮೇಲಿಟ್ಟರು. ಅದರ ಮೇಲೆ ಟವೆಲ್ಲನ್ನು ರುಮಾಲಿನ ಹಾಗೆ ಬಿಗಿಯಾಗಿ ಸುತ್ತಿಕೊಂಡು ಎದ್ದು ನಿಂತರು.

"ಪಾಲಕ್," ಎಂದರು. "ಏನ್ ಬಿಸಲಪಾ!"

"ಬಿಸಲ ಇರ್ಲಿ. ಎಲ್ಲೋ ಮಿರ್ಚಿ ಕರಿಯಾಕತ್ತಾರ ನೋಡ್ರಿ," ಎಂದು ಯಂಕಪ್ಪ ಮಾಸ್ಕ್ ಇಳಿಸಿ ಗಾಳಿಯನ್ನು ನಾಲ್ಕೂ ದಿಕ್ಕಿಗೆ ಮೂಸಿದ. "ಅಗದೀ ನಿಮ್ಮ ಕಡಿಂದನ ಬಂದಂಗ ಆಗತೈತಿ."

ನೆತ್ತಿ ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಆಮೇಲೆ ಮಾಸ್ತರರಿಗೆ ತಮ್ಮ ತಲೆಯ ಮೇಲೆ ಬಚ್ಚಲ ಒಲೆಯನ್ನೇ ಹೊತ್ತಿಸಿಟ್ಟಂತೆ ಅನಿಸತೊಡಗಿತು. ಹೇಗಾದರೂ ಮನೆ ಸೇರಬೇಕೆಂದು ತಿರುಗಿದರೆ ಬಾಗಿಲಲ್ಲೇ ಗುಲಾಬಿ ಸೀರೆಯ ಶೃತಿ ನಿಂತಿದ್ದಳು. ಆಶಾ ಕಾರ್ಯಕರ್ತೆ. ಹರ್ತಿಯ ಶಾಲೆಯಲ್ಲಿ ಮಾಸ್ತರರ ಕೈಯಲ್ಲೇ ಕಲಿತವಳು. ಬಗಲಲ್ಲಿ ರಜಿಸ್ಟರು, ಕೈಯಲ್ಲಿ ಜ್ವರ ನೋಡುವ ಪಿಸ್ತೂಲು.

"ನಮಸ್ಕಾರ್ರಿ ಗುರುಗಳ. ಮನಿ ಮನಿ ಸರ್ವೆ ಐತಿ. ಹಣಿ ತೋರಸ್ರಿ."

ಪಿಸ್ತೂಲು ಪೀಂ ಎಂದಿತು. ಶೃತಿಯ ಮುಖದ ನಗು ಹೋಯಿತು. ಇನ್ನೊಮ್ಮೆ ಹಿಡಿದಳು.

"ಗುರುಗಳ, ಮೊದಲ ನೂರು ಇತ್ತು. ಈಗ ನೂರಾ ಒಂದು ಐತಿ!"

ಮೂರು ಅಡಿ ದೂರದಲ್ಲಿದ್ದ ಯಂಕಪ್ಪ ಒಂದೇ ಜಿಗಿತಕ್ಕೆ ಹನ್ನೆರಡು ಅಡಿ ದೂರವಾದ. ಅಲ್ಲಿಂದಲೇ ಕೂಗಿ ಓಣಿಗೆಲ್ಲ ಖಬರ್ ಮುಟ್ಟಿಸಿದ. ಬಾಗಿಲು ಬಾಗಿಲಿಗೂ ತಲೆಗಳು ಮೂಡಿದವು. ತುದಿಯ ಮನೆಯಿಂದ ಕರೆವ್ವ ಕೋಲೂರಿಕೊಂಡು ಬಂದೇಬಿಟ್ಟಳು.

"ಬಿಸಲಿಗೆ ಆಗೇತವಾ. ಜ್ವರಾ ಏನಿಲ್ಲ," ಎಂದರು ಮಾಸ್ತರರು.

"ಹಂಗಾರ ಒಂದು ಹೇಳ್ರಿ. ನಿಮಗ ವಾಸನಿ ಗೊತ್ತಾಗತೈತೇನು?"

ಮಾಸ್ತರರು ಟವೆಲ್ ಬಿಗಿ ಮಾಡಿಕೊಂಡರು. ನಲವತ್ತು ವರ್ಷ ಪ್ರಶ್ನೆ ಕೇಳಿದವರಿಗೆ ಇಂಥ ಪ್ರಶ್ನೆ ಎಂದೂ ಎದುರಾಗಿರಲಿಲ್ಲ. ಗೊತ್ತಾಗುತ್ತದೆ ಎಂದರೆ ಎಂಥ ವಾಸನೆ, ಎಲ್ಲಿಂದ ಎಂದು ಯಂಕಪ್ಪ ಕೇಳದೆ ಬಿಡುವವನಲ್ಲ. ಆಮೇಲೆ ಟವೆಲ್ ಬಿಚ್ಚಬೇಕು. ಟವೆಲ್ ಬಿಚ್ಚಿದರೆ ಕೀಲಿಯನ್ನೂ ಬಿಚ್ಚಬೇಕು.

"ಏನೂ ವಾಸನಿ ಇಲ್ಲವಾ," ಎಂದರು ಮೆಲ್ಲಗೆ.

"ಅಯ್ಯಯ್ಯೋ!" ಯಂಕಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. "ಇಡೀ ಓಣಿ ಮಿರ್ಚಿ ವಾಸನಿ ಹೊಡ್ಯಾಕತ್ತೈತಿ, ಮಾಸ್ತರಿಗೆ ಗೊತ್ತಾಗವಲ್ದಲ್ಲರೀ! ಅದ ಬಂದೈತಿ, ಬರೋಬ್ಬರಿ ಅದ ಬಂದೈತಿ!"

ಅಷ್ಟರಲ್ಲಿ ಟವೆಲ್ಲಿನ ಅಂಚಿನಿಂದ ಒಂದು ಹನಿ ಇಳಿದು ಹಣೆಯ ಮೇಲೆ ನಿಂತಿತು.

"ಬೆವರಾಕತ್ತೀರಿ ಗುರುಗಳ," ಎಂದಳು ಶೃತಿ ಕನಿಕರದಿಂದ.

ಕರೆವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಬೆವರು ಹಳದಿ ಐತಲ್ಲವ್ವಾ! ಜ್ವರದ ಜೋಡಿ ಕಾಮಾಲಿನೂ ಆಗೇತೇನೋ."

ರಹಮಾನಸಾಬ ಏನೋ ಹೇಳಲು ಬಾಯಿ ತೆರೆದ. ಮಾಸ್ತರರು ತರಗತಿಯಲ್ಲಿ ನೋಡುತ್ತಿದ್ದ ನೋಟ ನೋಡಿದರು. ಅವನು ಬಾಯಿ ಮುಚ್ಚಿಕೊಂಡು, ಜೋಡಿಸಿದ್ದ ಬದನೆಕಾಯಿಗಳನ್ನೇ ಮತ್ತೆ ಜೋಡಿಸತೊಡಗಿದ.

"ಟವೆಲ್ ತಗೀರಿ, ತಣ್ಣೀರ ಪಟ್ಟಿ ಹಾಕೂಣು," ಎಂದಳು ಶೃತಿ.

ಮಾಸ್ತರರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಬ್ಯಾಡ! ತಗದ್ರ ಥಂಡಿ ಆಗತೈತಿ."

"ಮೇ ತಿಂಗಳದಾಗ ಥಂಡಿ?" ಶೃತಿ ಈಗ ನಿಜಕ್ಕೂ ಹೆದರಿದಳು. "ಇಲ್ರಿ, ಕೇರ್ ಸೆಂಟರಿಗೆ ಕಳಸಬೇಕು. ಗಾಡಿಗೆ ಫೋನ್ ಹಚ್ತೀನಿ."

ಕೇರ್ ಸೆಂಟರಂತೆ, ಎಷ್ಟು ದಿನವೋ ಏನೋ. ಅಥವಾ ಕೀಲಿ. ಮಾಸ್ತರರು ಎರಡನ್ನೂ ಮನಸ್ಸಿನಲ್ಲೇ ತೂಗಿ, ನಿಜ ಹೇಳಿಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಸುಮಿತ್ರವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಯಾರು ಬೇಡವೆಂದರೂ ಕೇಳದೆ ಗಂಡನ ಹತ್ತಿರ ಹೋಗಿ ಹಣೆ ಮುಟ್ಟಿ ನೋಡಿದಳು. ಮುಟ್ಟಿದ ಬೆರಳನ್ನು ಮೂಗಿನ ಹತ್ತಿರ ತಂದಳು. ಟವೆಲ್ ನೋಡಿದಳು. ರಹಮಾನಸಾಬನನ್ನು ನೋಡಿದಳು. ಅವನು ಬದನೆಕಾಯಿ ಎಣಿಸುತ್ತಿದ್ದ.

"ಶೃತಿ, ಗಾಡಿ ಬ್ಯಾಡವಾ," ಎಂದಳು ಶಾಂತವಾಗಿ. "ನಮ್ಮ ಮ್ಯಾಲಿನ ಖೋಲಿ ಖಾಲಿ ಐತಿ. ಅಲ್ಲೇ ಇರ್ತಾರ. ಊಟಾ ನಾ ಬಾಗಲದಾಗ ಕೊಡ್ತೀನಿ."

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಗೆ ಏನೂ ತಿಳಿದಿಲ್ಲ!

"ಆತ್ರಿ ಅಕ್ಕಾರ. ನಾಳೆ ಮೂಗಿನ ಟೆಸ್ಟ್ ಮಾಡಸ್ತೀನಿ. ರಿಪೋರ್ಟ್ ಬರೂತನಕ ಗುರುಗಳು ಕೆಳಗ ಇಳಿಯಂಗಿಲ್ಲ. ನಾಕ ದಿನ ಆದೀತು, ಎಂಟ ದಿನ ಆದೀತು."

"ಆಗ್ಲಿ," ಎಂದ ಸುಮಿತ್ರವ್ವ ಗಂಡನ ಕಡೆ ತಿರುಗಿದಳು. "ಹಂಗಾರ ಕೀಲಿ ಕೊಡ್ರಿ."

"ಕೀಲಿ ಯಾಕ?"

"ನೀವು ಮ್ಯಾಲ ಇದ್ರ ಕೆಳಗ ಸಂಸಾರ ನಡೀಬೇಕಲ್ರಿ."

ಇಡೀ ಓಣಿ ಹೌದೆಂದು ತಲೆಯಾಡಿಸಿತು. ಯಂಕಪ್ಪನಂತೂ, "ಕೊಡ್ರಿ ಮಾಸ್ತರ, ಆಸೆ ಮಾಡೂ ಹೊತ್ತಲ್ಲಿದು," ಎಂದು ಗದರಿಸಿದ. ಮಾಸ್ತರರು ಮೂವತ್ತೆಂಟು ವರ್ಷದ ಗಂಟನ್ನು ಬಿಚ್ಚಿ ಕೀಲಿ ಕೊಟ್ಟರು. ಶೃತಿ ಅದರ ಮೇಲೆ ಎರಡು ಸಲ ಸ್ಯಾನಿಟೈಜರ್ ಹೊಡೆದಳು.

ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡು ಮಾಸ್ತರರು ಟವೆಲ್ ಬಿಚ್ಚಿದರು. ನಾಲ್ಕೂ ಮಿರ್ಚಿ ಚಪ್ಪಟೆಯಾಗಿ, ಕಾಲಡಿ ಸಿಕ್ಕ ಚಪ್ಪಲಿಗಳ ಹಾಗೆ ಒಂದರ ಮೇಲೊಂದು ಮಲಗಿದ್ದವು. ಆದರೂ ಏನು ರುಚಿ! ಕೀಲಿ ಎಂಟು ದಿನಕ್ಕಷ್ಟೇ ಹೋಗಿದೆ, ಮಾನ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಕೊನೆಯ ತುಣುಕನ್ನೂ ಮುಗಿಸಿದರು. ಬೆರಳು ಒರೆಸಲೆಂದು ಪೊಟ್ಟಣದ ಹಾಳೆಯನ್ನು ತಿರುಗಿಸಿದರು.

ಎಣ್ಣೆಯಲ್ಲಿ ನೆನೆದು ಹೊಳೆಯುತ್ತಿದ್ದ ಹಾಳೆಯ ಮೇಲೆ ಯಾವುದೋ ಹುಡುಗ ಬರೆದ ಗಣಿತದ ಉತ್ತರ. ಕೆಳಗೆ ಕೆಂಪು ಮಸಿಯಲ್ಲಿ, ದುಂಡಗೆ, ತಮ್ಮದೇ ಅಕ್ಷರ:

"ಸೊನ್ನೆ. ಲೆಕ್ಕ ಸುಳ್ಳು. ಮನೆಯಲ್ಲಿ ತೋರಿಸಿ ಸಹಿ ಮಾಡಿಸಿಕೊಂಡು ಬಾ."

ಮಾಸ್ತರರು ಹಾಳೆಯನ್ನು ಮೂರು ಸಲ ಓದಿದರು. ಒಣಗುತ್ತಲೇ ಇರುವ ಹಪ್ಪಳಗಳು ನೆನಪಾದವು. ಲಟ್ಟಣಿಗೆ ನೆನಪಾಯಿತು. ರಹಮಾನಸಾಬನ ಕೆಮ್ಮು ನೆನಪಾಯಿತು. ಹಿಟ್ಟು ಆ ಕಡೆ, ಮೆಣಸಿನಕಾಯಿ ಈ ಕಡೆ ಎಂದ ತಮ್ಮದೇ ಮಾತು ನೆನಪಾಗಿ ಕಿವಿ ಬಿಸಿಯಾದವು. ಈಗ ಪಿಸ್ತೂಲು ಹಿಡಿದಿದ್ದರೆ ನೂರಾ ಮೂರು ತೋರಿಸುತ್ತಿತ್ತು.

ಕೆಳಗೆ ಹಿತ್ತಲಲ್ಲಿ ಮಾತು ಕೇಳಿಸಿತು. ಅವರು ಕಿಟಕಿಗೆ ಹತ್ತಿರವಾದರು.

"ತಪ್ಪಾತ್ರಿ ಅಕ್ಕಾರ," ಎನ್ನುತ್ತಿದ್ದ ರಹಮಾನಸಾಬ. "ಮಾಸ್ತರ ತಲಿ ಮ್ಯಾಲ ಇಟ್ಕೋತಾರ ಅಂತ ನನಗೇನ್ ಗೊತ್ತು."

"ನಿಂದೇನ್ ತಪ್ಪಪಾ. ತಗೋ, ಇವತ್ತಿನ ನಿನ್ನ ಅರ್ಧ. ಮನ್ಯಾಗ ಹುಡುಗ್ರಿಗೆ ಹಾಲು ಬಿಡಸಬ್ಯಾಡ ಅಂತ ಹೇಳು ನಿನ್ನ ಹೆಂಡತಿಗೆ."

"ಆದ್ರ ನಮ್ಮ ದೊಡ್ಡ ಗಿರಾಕಿನ ಮ್ಯಾಲ ಕುಂತಾರಲ್ರಿ. ನಾಳಿಂದ ಹಿಟ್ಟಿಗೆ ರೊಕ್ಕ?"

ಸಣ್ಣಗೆ ಕೀಲಿಯ ಸದ್ದಾಯಿತು.

"ಹಿಟ್ಟಿಗೇನ್ ಚಿಂತಿಲ್ಲ ಈಗ. ಎಣ್ಣೀನೂ ಎರಡ ಕಿಲೋ ತಾ. ಕರೆವ್ವಗ ತ್ರಾಸ ಯಾಕ? ಇವತ್ತ ಸಂಜಿಯಿಂದ ನಮ್ಮ ಅಡಗೀಮನ್ಯಾಗ ಕರೀತೀನಿ."

ಮಾಸ್ತರರು ಮಂಚದ ಮೇಲೆ ಕೂತರು. ಎಂಟು ದಿನ ಈ ಕೋಣೆಯಲ್ಲಿ, ಸರಿಯಾಗಿ ಅಡಿಗೆಮನೆಯ ಮೇಲೆ. ಜ್ವರ ಬಂದವರಿಗೆ ಕರಿದದ್ದನ್ನು ಯಾರೂ ಕೊಡುವುದಿಲ್ಲ. ವಾಸನೆ ಬರುತ್ತದೆ ಎನ್ನುವ ಹಾಗೂ ಇಲ್ಲ.

ಹೊತ್ತು ಮುಳುಗುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು.

"ಸುಮಿತ್ರಾ," ಎಂದರು ಒಳಗಿನಿಂದಲೇ. "ನನಗ ಜ್ವರಾ ಇಲ್ಲ."

"ಗೊತ್ತೈತ್ರಿ. ಶೃತಿಗೆ ಏನಂತ ಹೇಳ್ಲಿ?"

ಮಾಸ್ತರರು ಎಣ್ಣೆಯ ಹಾಳೆಯನ್ನು ಬಾಗಿಲ ಸಂದಿನಿಂದ ಮೆಲ್ಲಗೆ ಹೊರಗೆ ತಳ್ಳಿದರು. ಆಮೇಲೆ ಕಿಸೆಯಲ್ಲಿದ್ದ ಪೆನ್ನನ್ನೂ.

ತುಸು ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಬಳೆಯ ಕೈಯೊಂದು ತಟ್ಟೆಯನ್ನು ಒಳಗಿಟ್ಟು ಹಿಂದೆ ಸರಿಯಿತು. ತಟ್ಟೆಯ ಮೇಲೆ ಅದೇ ಹಾಳೆ ಮುಚ್ಚಿತ್ತು. ಕೆಂಪು ಅಕ್ಷರಗಳ ಕೆಳಗೆ, ನಿಧಾನವಾಗಿ ಕೂಡಿಸಿ ಬರೆದ ಸಹಿ: ಸುಮಿತ್ರವ್ವ. ಹಾಳೆ ಎತ್ತಿದರೆ ಗಂಜಿ, ಉಪ್ಪಿನಕಾಯಿ. ಗಂಜಿಯ ಬಟ್ಟಲಿನ ಮರೆಯಲ್ಲಿ ಒಂದೇ ಒಂದು ಮಿರ್ಚಿ, ಇನ್ನೂ ಬಿಸಿ.

ಕೀಲಿಯ ಸದ್ದು ಒಂದೊಂದೇ ಮೆಟ್ಟಿಲು ಇಳಿದು ಹೋಯಿತು.